ಶಾಲೆಯ ದನಿಗೊಂದು ವಿಳಾಸ

ಶಾಲಾ ವಾರ್ಷಿಕೋತ್ಸವದ ಮರುದಿನ ಹೆತ್ತವರ ವಾಟ್ಸ್‌ಆ್ಯಪ್ ಬಳಗ ತುಂಬಿ ತುಳುಕುತ್ತದೆ. ಮಗಳು ಹಾಡಿದ ಭಾವಗೀತೆ, ಮಗ ತಾಳಮದ್ದಳೆಯಲ್ಲಿ ಹೇಳಿದ ನಾಲ್ಕು ಮಾತು, ಒಂದನೆಯ ತರಗತಿಯ ಪುಟಾಣಿ ನಡುವೆ ಮರೆತು ಮತ್ತೆ ನೆನಪಿಸಿಕೊಂಡ ಪ್ರಾರ್ಥನೆ, ಎಲ್ಲವೂ ಫೋನಿನಿಂದ ಫೋನಿಗೆ ಹಾರುತ್ತವೆ. ಗಲ್ಫಿನಲ್ಲಿರುವ ತಂದೆ ಊಟದ ವಿರಾಮದಲ್ಲಿ ಕೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವುಗಳ ಮೇಲೆ ನೂರಾರು ಸಂದೇಶಗಳು ಬಂದು ಬೀಳುತ್ತವೆ. ಫೋನಿನಲ್ಲಿ ಜಾಗ ಸಾಲದೆ ಹೋದಾಗ ಮೊದಲು ಅಳಿಸಿಹೋಗುವುದೂ ಅವುಗಳೇ. ಜೂನ್ ತಿಂಗಳಲ್ಲಿ ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಆ ದನಿಗಳು ಎಲ್ಲಿವೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ.

ದನಿಯನ್ನು ಹಂಚುವುದು ಒಂದು ಕೆಲಸ, ಪ್ರಕಟಿಸುವುದು ಇನ್ನೊಂದು. ಹಂಚಿದ್ದಕ್ಕೆ ವಿಳಾಸವಿರುವುದಿಲ್ಲ, ಪ್ರಕಟವಾದುದಕ್ಕೆ ಒಂದು ಶೀರ್ಷಿಕೆ, ಒಂದು ದಿನಾಂಕ, ಹುಡುಕಿದರೆ ಸಿಗುವ ಒಂದು ಠಾವು ಮತ್ತು ಅದರ ಹೊಣೆ ಹೊತ್ತವರೊಬ್ಬರು ಇರುತ್ತಾರೆ. ಈ ವ್ಯತ್ಯಾಸ ಶಾಲೆಗಳಿಗೆ ಅಪರಿಚಿತವಲ್ಲ. ಮಕ್ಕಳ ಪ್ರಬಂಧಗಳು ಪರೀಕ್ಷೆ ಮುಗಿದೊಡನೆ ರದ್ದಿಗೆ ಸೇರುತ್ತವೆ. ಅದೇ ಮಕ್ಕಳು ಬರೆದು ಹೊಲಿದ ಕೈಬರಹದ ಪತ್ರಿಕೆ ಮಾತ್ರ ಗ್ರಂಥಾಲಯದ ಕಪಾಟಿನಲ್ಲಿ ವರ್ಷಗಳ ಕಾಲ ಉಳಿಯುತ್ತದೆ. ಧ್ವನಿಗೂ ಅಂತಹ ಕಪಾಟು ಬೇಕು. ಶಾಲೆಯ ಸ್ವಂತ ಜಾಲತಾಣದಲ್ಲಿ ಪ್ರಕಟವಾಗುವ ಪಾಡ್‌ಕಾಸ್ಟ್ ಆ ಕಪಾಟು ಆಗಬಲ್ಲುದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಟ್ಟಿಗೆ ಅದರ ಮೊದಲ ಕಂತು ಏನನ್ನು ಬೇಡುತ್ತದೆ, ಏನನ್ನು ಕೊಡುತ್ತದೆ ಎಂಬುದು ವಿಚಾರಯೋಗ್ಯ.

ಮನೆಯಿಂದ ಹೊರಟ ಬಾನುಲಿ

ದನಿಯನ್ನು ಗಾಳಿಯಲ್ಲಿ ಕಳುಹಿಸುವ ಸಾಹಸ ಕನ್ನಡಿಗರಲ್ಲಿ ಆರಂಭವಾದದ್ದು ಒಬ್ಬ ಅಧ್ಯಾಪಕರ ಮನೆಯಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಿಂದಲೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ನಡೆಸತೊಡಗಿದರು. ಅದಕ್ಕೆ ಒದಗಿದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡಿತು. ಆ ಬಳಿಕದ ದಶಕಗಳಲ್ಲಿ ಪ್ರಸಾರ ಎಂಬುದು ಎತ್ತರದ ಗೋಪುರ, ಸರಕಾರದ ಪರವಾನಗಿ ಮತ್ತು ಪಳಗಿದ ಉದ್ಘೋಷಕರ ವಿಷಯವಾಯಿತು. ಕಾಸರಗೋಡಿನ ಮನೆಗಳಲ್ಲಿ ಮಂಗಳೂರು ಆಕಾಶವಾಣಿಯನ್ನು ಕೇಳುತ್ತ ಬೆಳೆದ ತಲೆಮಾರಿಗೆ ರೇಡಿಯೊ ಎಂದರೆ ಕೇಳುವ ವಸ್ತು. ತಾವು ಮಾತಾಡುವ ವಸ್ತು ಎಂದು ತೋರಿದ್ದು ಕಡಿಮೆ.

ಆ ಗೋಪುರದ ಅಗತ್ಯವನ್ನು ಇಲ್ಲವಾಗಿಸಿದ್ದು ಒಂದು ಸಾಧಾರಣ ಪಠ್ಯ ಕಡತ. ಜಾಲತಾಣವೊಂದರಲ್ಲಿ ಹೊಸತೇನು ಬಂದಿದೆ ಎಂಬುದನ್ನು ಪಟ್ಟಿಮಾಡಿ ಹೇಳುವ 'ಆರ್‌ಎಸ್‌ಎಸ್ ಫೀಡ್' ಎಂಬ ಏರ್ಪಾಟು ಮೊದಲು ಬರಹಗಳಿಗಷ್ಟೇ ಬಳಕೆಯಾಗುತ್ತಿತ್ತು. ಅಮೆರಿಕದ ಡೇವ್ ವೈನರ್ 2000ದ ಕೊನೆಯಲ್ಲಿ ಆ ಪಟ್ಟಿಯೊಳಗೆ ಧ್ವನಿಕಡತದ ವಿಳಾಸವನ್ನೂ ಸೇರಿಸುವ ಕ್ರಮವನ್ನು ರೂಪಿಸಿದರು. 2003ರಲ್ಲಿ ಪತ್ರಕರ್ತ ಕ್ರಿಸ್ಟೊಫರ್ ಲೈಡನ್ ನಡೆಸಿದ ಸಂದರ್ಶನಗಳು ಹೀಗೆಯೇ ಜನರನ್ನು ತಲಪಿದವು. 2004ರ ಫೆಬ್ರವರಿಯಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯಲ್ಲಿ ಬೆನ್ ಹ್ಯಾಮರ್‌ಸ್ಲಿ ಬರೆದ ಲೇಖನದಲ್ಲಿ 'ಪಾಡ್‌ಕಾಸ್ಟ್' ಎಂಬ ಪದ ಕಾಣಿಸಿಕೊಂಡಿತು. 2005ರ ಜೂನ್ ತಿಂಗಳಲ್ಲಿ ಆಪಲ್ ಸಂಸ್ಥೆ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟುಗಳಿಗೆ ಸ್ಥಾನ ನೀಡಿದ ಮೇಲೆ ಅದು ಮನೆಮಾತಾಯಿತು.

ಫೀಡ್ ಕೆಲಸಮಾಡುವ ಬಗೆಯನ್ನು ವಾರಪತ್ರಿಕೆಯ ಓದುಗರಿಗೆ ವಿವರಿಸುವುದು ಸುಲಭ. ಪತ್ರಿಕೆಯನ್ನು ಅಂಚೆಯವರು ಚಂದಾದಾರರ ಮನೆಗೆ ತಂದು ಮುಟ್ಟಿಸುತ್ತಾರೆ. ಪಾಡ್‌ಕಾಸ್ಟಿನಲ್ಲಿ ಚಂದಾದಾರರ ಫೋನಿನಲ್ಲಿರುವ ಆ್ಯಪ್ ತಾನಾಗಿ ಆಗಾಗ ಫೀಡಿನ ಬಳಿಗೆ ಬಂದು, ಹೊಸ ಕಂತು ಸೇರಿದೆಯೇ ಎಂದು ನೋಡಿಹೋಗುತ್ತದೆ. ಸೇರಿದ್ದರೆ ಅಲ್ಲಿ ಬರೆದಿಟ್ಟ ಶೀರ್ಷಿಕೆ, ದಿನಾಂಕ, ವಿವರಣೆಗಳನ್ನು ಓದಿಕೊಂಡು, ಧ್ವನಿಕಡತದ ವಿಳಾಸಕ್ಕೆ ಹೋಗಿ ಅದನ್ನು ತರುತ್ತದೆ. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ.

ಸ್ವಂತ ಮನೆ, ಬಾಡಿಗೆ ಮನೆ

ಈ ಏರ್ಪಾಟಿನ ಬೆಲೆ ಅರಿವಾಗಲು 2024ರಲ್ಲಿ ನಡೆದ ಒಂದು ಸಂಗತಿಯನ್ನು ನೋಡಬಹುದು. ಆ ವರ್ಷ ಗೂಗಲ್ ಸಂಸ್ಥೆ ತನ್ನ 'ಗೂಗಲ್ ಪಾಡ್‌ಕಾಸ್ಟ್ಸ್' ಎಂಬ ಆ್ಯಪ್ ಅನ್ನು ಮುಚ್ಚಿತು. ಅದರ ಮೂಲಕ ಕೇಳುತ್ತಿದ್ದವರು ಬೇರೆ ಆ್ಯಪ್ ಹುಡುಕಬೇಕಾಯಿತು. ಆದರೆ ಯಾರ ಕಂತುಗಳು ಮತ್ತು ಫೀಡ್ ತಮ್ಮದೇ ಜಾಲತಾಣದಲ್ಲಿದ್ದವೋ ಅವರ ಒಂದು ಕಂತೂ ನಷ್ಟವಾಗಲಿಲ್ಲ. ಅಂಗಡಿ ಮುಚ್ಚಿತು, ತೋಟ ಉಳಿಯಿತು.

ಆದುದರಿಂದಲೇ ಮೊದಲ ಕಂತನ್ನು ಶಾಲೆಯ ಹೆಸರಿನಲ್ಲಿರುವ ಜಾಲತಾಣದಲ್ಲಿ ಇರಿಸಿ, ಬೇರೆ ಆ್ಯಪ್‌ಗಳಿಗೆ ಅಲ್ಲಿಂದ ದಾರಿ ತೋರಿಸುವುದು ವಿವೇಕ. ಒಬ್ಬ ಅಧ್ಯಾಪಕರ ಸ್ವಂತ ಫೋನ್ ಸಂಖ್ಯೆಯ ಮೇಲೆ, ಅವರ ಸ್ವಂತ ಖಾತೆಯಲ್ಲಿ ಎಲ್ಲವನ್ನೂ ತೆರೆದರೆ, ವರ್ಗಾವಣೆಯ ಆದೇಶ ಬಂದ ದಿನ ಶಾಲೆಯ ದನಿಯೂ ಅವರೊಂದಿಗೆ ಹೊರಟುಹೋಗುತ್ತದೆ. ಜಾಲತಾಣದ ಹೆಸರು, ಅದರ ವಾರ್ಷಿಕ ಶುಲ್ಕ ಕಟ್ಟುವ ದಿನಾಂಕ, ಗುಪ್ತಪದ, ಇಷ್ಟನ್ನು ಹಾಜರಿ ಪುಸ್ತಕದಷ್ಟೇ ಜೋಪಾನವಾಗಿ ಮುಖ್ಯೋಪಾಧ್ಯಾಯರ ಕಚೇರಿಯಲ್ಲಿ ಇರಿಸುವುದು ಮೊದಲ ಕಂತಿಗಿಂತಲೂ ಮೊದಲಿನ ಕೆಲಸ.

ಹತ್ತು ನಿಮಿಷದ ಒಂದು ಸುರಂಗ

ಮೊದಲ ಕಂತಿನ ವಿಷಯ ಯಾವುದಾಗಬೇಕು? ಗಣ್ಯರ ಶುಭಾಶಯ, ಉದ್ಘಾಟನಾ ಭಾಷಣಗಳಿಂದ ತುಂಬಿದ ಕಂತನ್ನು ಎರಡನೆಯ ಸಲ ಕೇಳುವವರಿಲ್ಲ. ಊರಿಗೇ ವಿಶಿಷ್ಟವಾದ, ಬೇರೆಯವರು ಹೇಳಲಾರದ ಒಂದು ವಿಷಯ ಸಾಕು. ಕಾಸರಗೋಡಿನ ಗುಡ್ಡಗಳಲ್ಲಿ ಅಂತಹ ವಿಷಯಕ್ಕೆ ಕೊರತೆಯಿಲ್ಲ. ಸುರಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾವಿ ಕೆಳಕ್ಕೆ ಇಳಿದರೆ ಸುರಂಗ ಗುಡ್ಡದ ಒಡಲಿಗೆ ಅಡ್ಡಲಾಗಿ ಸಾಗುತ್ತದೆ. ಮುರಕಲ್ಲಿನ ಪದರವನ್ನು ಕಡಿಯುತ್ತ, ಒಬ್ಬ ಆಳು ನುಸುಳುವಷ್ಟು ದಾರಿ ಮಾಡುತ್ತ ಒಳಹೋದರೆ ಕಲ್ಲಿನ ಸಂದುಗಳಿಂದ ನೀರು ಜಿನುಗಿ ತಾನಾಗಿಯೇ ಹೊರಕ್ಕೆ ಹರಿದುಬರುತ್ತದೆ; ಪಂಪು ಬೇಕಿಲ್ಲ. ಬಾಯಾರು ಮೊದಲಾದ ಊರುಗಳ ತೋಟಗಳು ಇಂತಹ ನೀರಿನಿಂದ ಹಸಿರಾಗಿವೆ. ಕೈಯಿಂದ ಸುರಂಗ ಕೊರೆಯಬಲ್ಲವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಏಳನೆಯ ತರಗತಿಯ ಇಬ್ಬರು ಮಕ್ಕಳು, ಪ್ರಾಯದಲ್ಲಿ ಸುರಂಗ ಕೊರೆದ ಒಬ್ಬ ಅಜ್ಜನೊಂದಿಗೆ ಮಾತಾಡಿದರೆ ಅದೇ ಮೊದಲ ಕಂತು. ಪ್ರಶ್ನೆಗಳನ್ನು ಮಾತ್ರ ಯೋಚಿಸಿ ಕೇಳಬೇಕು. 'ಸುರಂಗ ಎಷ್ಟು ಉದ್ದ?' ಎಂದರೆ ಒಂದೇ ಪದದ ಉತ್ತರ ಬಂದೀತು. 'ಮೊದಲ ಸಲ ಒಳಗೆ ಹೋದ ದಿನ ಎಂತ ಆಯ್ತು ಅಜ್ಜಾ?' ಎಂದರೆ ಕತೆಯೇ ಹೊರಡುತ್ತದೆ. ಒಳಗೆ ಮೇಣದ ಬತ್ತಿ ಹಚ್ಚಿಟ್ಟು ಕೆಲಸಮಾಡುತ್ತಿದ್ದರೆಂಬುದೂ, ಜ್ವಾಲೆ ಮಂಕಾಗಿ ಆರಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದರೆಂಬುದೂ ಆಗ ಮಕ್ಕಳಿಗೆ ತಿಳಿಯುತ್ತದೆ. ವಿಜ್ಞಾನದ ಪಾಠದಲ್ಲಿ ಓದಿದ ಆಮ್ಲಜನಕ ಅಜ್ಜನ ಅಂಗಳದಲ್ಲಿ ಅರ್ಥವಾಗುವುದು ಹೀಗೆ. ಸುರಂಗದೊಳಗೆ ಮಕ್ಕಳನ್ನು ಕಳುಹಿಸಬಾರದು. ಬಾಯಿಯ ಹೊರಗೆ ನಿಂತು ನೀರು ಹರಿಯುವ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೊಂಡರೆ ಸಾಕು.

ವಿಡಿಯೋ ಆಗಿರಬಾರದೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಮಾತಿಗೆ ಸಾಕಾಗುವ 64 ಕೆಬಿಪಿಎಸ್ ಪ್ರಮಾಣದ ಎಂಪಿ3 ಧ್ವನಿಕಡತ ನಿಮಿಷಕ್ಕೆ 480 ಕಿಲೋಬೈಟ್, ಹತ್ತು ನಿಮಿಷಕ್ಕೆ 4.8 ಮೆಗಾಬೈಟ್ ಆಗುತ್ತದೆ. ಅದೇ ಹತ್ತು ನಿಮಿಷದ ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಸುಮಾರು 375 ಮೆಗಾಬೈಟ್ ನುಂಗುತ್ತದೆ. ಗುಡ್ಡದ ಮರೆಯಲ್ಲಿ ಫೋನಿನ ಸಿಗ್ನಲ್ ತಡಕಾಡುವ ಮನೆಯಲ್ಲಿ ಮೊದಲನೆಯದು ಕೇಳಿಸುತ್ತದೆ, ಎರಡನೆಯದು ಸುತ್ತುತ್ತಲೇ ಇರುತ್ತದೆ. ಮಗುವಿನ ಮುಖ ಜಗತ್ತಿಗೆ ಕಾಣಿಸುವುದಿಲ್ಲ ಎಂಬುದು ಧ್ವನಿಯ ಇನ್ನೊಂದು ಅನುಕೂಲ. ಕಣ್ಣಿಗೆ ತೋರಿಸಲೇಬೇಕಾದ ಯಕ್ಷಗಾನದ ಹೆಜ್ಜೆ, ಹಾಳೆಯ ಟೊಪ್ಪಿ ಮಾಡುವ ಬಗೆ ಮೊದಲಾದವುಗಳಿಗೆ ವಿಡಿಯೋವನ್ನು ಕಾದಿರಿಸಿದರೆ ಸಾಕು.

ಅಜ್ಜನ ಕನ್ನಡವನ್ನು ತಿದ್ದಬೇಕೆ?

ಧ್ವನಿಮುದ್ರಣಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಳ್ಳೆಯ ಫೋನ್ ಮತ್ತು ಒಳ್ಳೆಯ ಕೋಣೆ ಇದ್ದರೆ ಆರಂಭಿಸಬಹುದು. ಬರಿಗೋಡೆಯ ತರಗತಿ ಕೋಣೆ ದನಿಯನ್ನು ಪ್ರತಿಧ್ವನಿಸುತ್ತದೆ. ಬಟ್ಟೆಯ ಕಪಾಟು, ಹಾಸಿಗೆ, ಕಂಬಳಿಗಳಿರುವ ಮಲಗುವ ಕೋಣೆ ಅದನ್ನು ಹೀರಿಕೊಳ್ಳುತ್ತದೆ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ತುಸು ಪಕ್ಕಕ್ಕೆ ಇರಿಸಿದರೆ ಉಸಿರಿನ ಸದ್ದು ಬಡಿಯುವುದಿಲ್ಲ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಮುದ್ರಿಸುವ ಆಸೆಯನ್ನು ಬಿಡುವುದೊಳ್ಳೆಯದು. ಮುದ್ರಿಸಿದ ಕಡತವನ್ನು ವಾಟ್ಸ್‌ಆ್ಯಪ್ ಧ್ವನಿಸಂದೇಶವಾಗಿ ಕಳುಹಿಸಿದರೆ ಅದು ಹಿಂಡಿಹೋಗುತ್ತದೆ. ಕೇಬಲ್ ಮೂಲಕ ನೇರವಾಗಿ ಕಂಪ್ಯೂಟರಿಗೆ ಸಾಗಿಸಬೇಕು. ಕತ್ತರಿಸಿ ಜೋಡಿಸಲು 'ಆಡಾಸಿಟಿ' ಎಂಬ ಉಚಿತ ತಂತ್ರಾಂಶವಿದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ. ಪ್ರೌಢಶಾಲೆಯ 'ಲಿಟಲ್ ಕೈಟ್ಸ್' ಘಟಕದ ಮಕ್ಕಳು ಅಧ್ಯಾಪಕರಿಗಿಂತ ಬೇಗ ಅದನ್ನು ಕಲಿತಾರು.

ಕತ್ತರಿ ಕೈಗೆ ಬಂದಾಗಲೇ ನಿಜವಾದ ಪ್ರಶ್ನೆ ಏಳುತ್ತದೆ. ಕೆಮ್ಮು, ಬಾಗಿಲ ಸದ್ದು, ಎರಡೆರಡು ಸಲ ಬಂದ ಮಾತುಗಳನ್ನು ತೆಗೆಯಬಹುದು. ಅಜ್ಜನ ಕನ್ನಡವನ್ನು? ಅದು ಪಠ್ಯಪುಸ್ತಕದ ಕನ್ನಡವಲ್ಲ. ಅದರಲ್ಲಿ ತುಳುವಿನ ಪದ ನುಸುಳುತ್ತದೆ, ಹವ್ಯಕದ ಒಂದು ಕ್ರಿಯಾಪದ ಇಣುಕುತ್ತದೆ, ಮಲಯಾಳದ ಮಾತೊಂದು ಸಹಜವಾಗಿ ಬಂದು ಕುಳಿತುಕೊಳ್ಳುತ್ತದೆ. ಅಡಕೆ ಮರ ಸೀಳಿ ಮಾಡಿದ ನೀರಿನ ದೋಣಿಗೆ ಅಜ್ಜ 'ದಂಬೆ' ಎನ್ನುತ್ತಾರೆ. ಮಳೆನೀರು ತಂಗುವ ತಗ್ಗಿಗೆ 'ಮದಕ', ತೋಡಿಗೆ ಅಡ್ಡವಾಗಿ ಕಟ್ಟುವ ಕಲ್ಲುಮಣ್ಣಿನ ಒಡ್ಡಿಗೆ 'ಕಟ್ಟ'. ಹಾಳೆಯಲ್ಲಿ ಬರೆದುಕೊಟ್ಟ 'ಶುದ್ಧ' ವಾಕ್ಯಗಳನ್ನು ಅಜ್ಜನಿಂದ ಓದಿಸಿದರೆ ಕಂತು ನಿರ್ದೋಷವಾದೀತು, ಆದರೆ ಅದು ಅಜ್ಜನದಾಗಿ ಉಳಿಯದು.

ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಕೊಂಡಾಡುವ ವಾಡಿಕೆಯಿದೆ. ಆ ಸಂಗಮ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಮಾತ್ರ ದಾಖಲೆ ಕಡಿಮೆ. ಮುದ್ರಿತ ಕನ್ನಡ ಎಲ್ಲೆಡೆ ಒಂದೇ ಬಗೆಯದು. ಗಡಿಯಾಚೆಯ ಕನ್ನಡದ ಗುರುತು ಉಳಿದಿರುವುದು ಬಾಯಲ್ಲಿ. ಆ ಬಾಯಿಗಳಿಗೆ ವಯಸ್ಸಾಗುತ್ತಿದೆ. ಹೀಗಾಗಿ ತಿದ್ದುವ ಬದಲು ಪರಿಚಯಿಸುವುದು ಸರಿಯಾದ ಕ್ರಮ. ಕಂತಿನ ಮೊದಲಲ್ಲಿ ಮಗುವೇ 'ದಂಬೆ ಎಂದರೆ ಇದು' ಎಂದು ಒಂದು ಮಾತಿನಲ್ಲಿ ಹೇಳಬಹುದು. ಮನೆಯ ಮಾತು ಹೇಳಬಾರದ ಮಾತು ಎಂದು ಶಾಲೆಯಲ್ಲಿ ಅಳುಕುವ ಮಗುವಿಗೆ, ಅದೇ ಮಾತು ಶಾಲೆಯ ಹೆಸರಿನಲ್ಲಿ ಪ್ರಕಟವಾದುದನ್ನು ಕಾಣುವುದು ದೊಡ್ಡ ಧೈರ್ಯ. ಇನ್ನೊಂದು ಲಾಭವೂ ಇದೆ. ಮಲಯಾಳ ಮಾಧ್ಯಮದಲ್ಲಿ ಕಲಿತು ಕನ್ನಡ ಲಿಪಿ ಓದಲು ಬಾರದ, ಆದರೆ ಕೇಳಿದರೆ ಅರ್ಥಮಾಡಿಕೊಳ್ಳುವ ತಾಯಂದಿರೂ ತಂದೆಯರೂ ಇಲ್ಲಿನ ಮನೆಗಳಲ್ಲಿದ್ದಾರೆ. ಮಗನ ನೋಟ್‌ಪುಸ್ತಕ ಅವರಿಗೆ ಮುಚ್ಚಿದ ಬಾಗಿಲು. ಮಗನ ದನಿ ತೆರೆದ ಬಾಗಿಲು.

ಹಿಂದಕ್ಕೆ ಕರೆಯಲಾಗದ ಮಾತು

ಪ್ರಕಟಣೆಗೆ ಒಂದು ಕಠಿಣ ಮುಖವೂ ಇದೆ. ಕೇಳುಗರ ಆ್ಯಪ್ ಒಮ್ಮೆ ಕಂತನ್ನು ಇಳಿಸಿಕೊಂಡ ಮೇಲೆ, ಶಾಲೆ ತನ್ನ ಜಾಲತಾಣದಿಂದ ಅದನ್ನು ಅಳಿಸಿದರೂ ಆ ಪ್ರತಿ ಅಲ್ಲೇ ಉಳಿಯಬಹುದು. ಬಾಯಿಬಿಟ್ಟ ಮಾತು, ಬಿಲ್ಲು ಬಿಟ್ಟ ಬಾಣ ಎಂಬುದು ಇಲ್ಲಿ ಅಕ್ಷರಶಃ ನಿಜ. ಆದುದರಿಂದ ಒಪ್ಪಿಗೆಯ ವಿಷಯವನ್ನು ಧ್ವನಿಮುದ್ರಣಕ್ಕೆ ಮೊದಲೇ ಮುಗಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯ ಬಳಕೆಗೆ ಹೆತ್ತವರ ಅಥವಾ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂಬ ತತ್ತ್ವವನ್ನು ಎತ್ತಿಹಿಡಿಯುತ್ತದೆ. ಕಾನೂನು ಹೇಳದಿದ್ದರೂ ಇದು ಶಾಲೆಯ ಧರ್ಮವೇ. ದನಿಯನ್ನು ಎಲ್ಲಿ, ಯಾವ ಹೆಸರಿನಲ್ಲಿ, ಯಾವ ಉದ್ದೇಶಕ್ಕೆ ಪ್ರಕಟಿಸಲಾಗುವುದು ಎಂದು ಸರಳ ಕನ್ನಡದಲ್ಲಿ ಬರೆದ ಒಂದು ಪುಟದ ಪತ್ರಕ್ಕೆ ಹೆತ್ತವರ ಸಹಿ ಪಡೆದು ಶಾಲೆಯಲ್ಲಿ ಇರಿಸಬೇಕು. ಕನ್ನಡ ಓದಲಾರದವರಿಗೆ ಅದನ್ನು ಓದಿಹೇಳಬೇಕು. ಸಹಿ ಹಾಕದ ಹೆತ್ತವರ ಮಗುವನ್ನು ದೂರವಿಡದೆ ಪ್ರಶ್ನೆ ಬರೆಯಲು, ಚಿತ್ರ ಬಿಡಿಸಲು, ಧ್ವನಿ ಜೋಡಿಸಲು ತೊಡಗಿಸಬೇಕು. ಮಗುವನ್ನೂ ಕೇಳಬೇಕು, ಹೆತ್ತವರು ಹೂಂ ಎಂದರೂ ತನ್ನ ದನಿ ಹೊರಗೆ ಹೋಗಬಾರದೆಂದು ಅದು ಬಯಸಿದರೆ ಅಲ್ಲಿಗೆ ಮಾತು ಮುಗಿಯಿತು. ಕಂತಿನಲ್ಲಿ ಮಗುವಿನ ಕರೆಯುವ ಹೆಸರಿದ್ದರೆ ಸಾಕು; ಪೂರ್ಣ ಹೆಸರು, ಮನೆಯ ಗುರುತು, ಬಸ್ಸು ಹಿಡಿಯುವ ಜಾಗ ಇವು ಯಾವುವೂ ಬೇಡ.

ಅಜ್ಜನ ಒಪ್ಪಿಗೆಗೂ ಅಷ್ಟೇ ತೂಕವಿದೆ. ಮಾತಿನ ಭರದಲ್ಲಿ ನೆರೆಮನೆಯವರೊಂದಿಗಿನ ಹಳೆಯ ನೀರಿನ ತಕರಾರು ಬಾಯಿಗೆ ಬಂದಿರಬಹುದು. ಸಿದ್ಧವಾದ ಕಂತನ್ನು ಪ್ರಕಟಣೆಗೆ ಮೊದಲು ಅವರ ಎದುರು ಕುಳಿತು ಪೂರ್ತಿ ಕೇಳಿಸಿ, 'ಇದು ಇರಲಿಯೇ ಅಜ್ಜಾ?' ಎಂದು ಮಕ್ಕಳೇ ಕೇಳಬೇಕು. ಬೇಡವೆಂದುದನ್ನು ಎರಡನೆಯ ಮಾತಿಲ್ಲದೆ ತೆಗೆಯಬೇಕು.

ಗೋವಿಂದ ಪೈಯವರ ಕವಿತೆ, ಕಯ್ಯಾರರ ಕವಿತೆ

ಕಂತಿನ ಕೊನೆಗೊಂದು ಹಾಡು ಇರಲಿ ಎಂಬ ಆಸೆ ಸಹಜ, ಎಡವುವುದೂ ಅಲ್ಲಿಯೇ. ಶಾಲೆಯ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು, ಅಧ್ಯಾಪಕರು, ಹೆತ್ತವರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಇರುವ ಸಭೆಯಲ್ಲಿ ಇತರರ ಕೃತಿಯನ್ನು ಪ್ರದರ್ಶಿಸಲು 1957ರ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಟ್ಟಿದೆ. ಜಾಲತಾಣಕ್ಕೆ ಅಂತಹ ಗೋಡೆಯಿಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ತೊಂದರೆಯಿಲ್ಲದ ಸಿನಿಮಾ ಹಾಡು ಪಾಡ್‌ಕಾಸ್ಟಿನಲ್ಲಿ ತೊಂದರೆಯಾಗುವುದು ಇದರಿಂದಲೇ.

ಭಾರತದಲ್ಲಿ ಲೇಖಕರ ನಿಧನದ ಮರುವರ್ಷದಿಂದ ಲೆಕ್ಕಹಾಕಿ 60 ವರ್ಷಗಳ ಕಾಲ ಕೃತಿಸ್ವಾಮ್ಯ ಇರುತ್ತದೆ. ಮಂಜೇಶ್ವರದ ರಾಷ್ಟ್ರಕವಿ ಎಂ. ಗೋವಿಂದ ಪೈಯವರು ನಿಧನರಾದುದು 1963ರಲ್ಲಿ. ಹೀಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಸಾರ್ವಜನಿಕ ಸೊತ್ತು. ಯಾವ ಶಾಲೆಯ ಮಗುವಾದರೂ ಅವನ್ನು ಓದಿ ಪ್ರಕಟಿಸಬಹುದು. ಕಯ್ಯಾರ ಕಿಞ್ಞಣ್ಣ ರೈಯವರು ನೂರು ವರ್ಷ ತುಂಬಿದ ಬಳಿಕ 2015ರಲ್ಲಿ ಅಗಲಿದರು. ಅವರ ಕವಿತೆಗಳ ಹಕ್ಕು 2075ರ ಕೊನೆಯ ತನಕ ಉತ್ತರಾಧಿಕಾರಿಗಳಲ್ಲಿ ಅಥವಾ ಹಕ್ಕು ಪಡೆದವರಲ್ಲಿ ಇರುತ್ತದೆ. ಪತ್ರ ಬರೆದು ಅನುಮತಿ ಕೇಳುವುದು ಅಗತ್ಯ. ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು ಹಳೆಯವು, ಎಲ್ಲರ ಸೊತ್ತು. ಆದರೆ ಆ ಪದ್ಯವನ್ನು ಇಂದು ಹಾಡಿದ ಭಾಗವತರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷಗಳ ಕಲಾವಿದರ ಹಕ್ಕಿದೆ. ಆಟದ ನಡುವೆ ಫೋನಿನಲ್ಲಿ ಮುದ್ರಿಸಿದ್ದನ್ನು ಹಾಗೆಯೇ ಬಳಸಲಾಗದು. ಕವಿತೆ, ರಾಗಸಂಯೋಜನೆ, ಧ್ವನಿಮುದ್ರಿಕೆ ಮೂರಕ್ಕೂ ಬೇರೆ ಬೇರೆ ಒಡೆಯರಿರಬಹುದು. ಎಲ್ಲಕ್ಕಿಂತ ಸುಲಭದ ದಾರಿ, ಮಕ್ಕಳೇ ಕಟ್ಟಿದ ನಾಲ್ಕು ಸಾಲು ಅಥವಾ ಸುರಂಗದ ನೀರಿನ ಸದ್ದು.

ಪ್ರಕಟಣೆಯ ಸಂಜೆ

ಇಷ್ಟಾದ ಮೇಲೆ ಉಳಿಯುವ ತಾಂತ್ರಿಕ ಕೆಲಸ ಒಂದು ಸಂಜೆಯದು. ಕತ್ತರಿಸಿ ಜೋಡಿಸಿದ ಮೂಲ ಕಡತವನ್ನು ಹಿಂಡದ ರೂಪದಲ್ಲಿ ಒಂದು ಪೆನ್‌ಡ್ರೈವಿಗೂ ಶಾಲೆಯ ಕಂಪ್ಯೂಟರಿಗೂ ತುಂಬಿಸಿ, ಜಾಲತಾಣಕ್ಕಾಗಿ ಎಂಪಿ3 ಪ್ರತಿ ತೆಗೆಯಬೇಕು. ಆ ಪ್ರತಿಯ ಕಡತದ ಹೆಸರು ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿ, ನಡುವೆ ತೆರಪಿಲ್ಲದೆ ಇರಲಿ. ಕನ್ನಡದಲ್ಲಿ ಕೊಟ್ಟರೆ ಜಾಲವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿ ಮಾರ್ಪಡುತ್ತದೆ. ಕಂತಿನ ಶೀರ್ಷಿಕೆ ಮಾತ್ರ ಅಪ್ಪಟ ಕನ್ನಡದಲ್ಲಿರಲಿ. 'ಮೊದಲ ಕಂತು' ಎಂದಷ್ಟೇ ಬರೆದರೆ ಯಾರೂ ತೆರೆಯುವುದಿಲ್ಲ. 'ಮೇಣದ ಬತ್ತಿ ಆರಿದರೆ ಹೊರಗೆ ಬಾ' ಎಂದರೆ ಕುತೂಹಲ ಹುಟ್ಟುತ್ತದೆ.

ವರ್ಡ್‌ಪ್ರೆಸ್‌ನಂತಹ ಉಚಿತ ತಂತ್ರಾಂಶದಿಂದ ಕಟ್ಟಿದ ಜಾಲತಾಣವಾದರೆ ಎಂಪಿ3 ಕಡತವನ್ನು ಏರಿಸಿ, ಹೊಸ ಬರಹವೊಂದರಲ್ಲಿ ಅದರ ಕೊಂಡಿಯನ್ನು ಇಟ್ಟರೆ ಕೇಳುವ ಗುಂಡಿ ಪುಟದಲ್ಲಿ ಮೂಡುತ್ತದೆ. ಆ ಬರಹ ಪ್ರಕಟವಾದಾಗ ಫೀಡಿನಲ್ಲಿ ಧ್ವನಿಕಡತದ ವಿಳಾಸ, ಬೈಟ್‌ಗಳಲ್ಲಿ ಅದರ ಗಾತ್ರ, ಅದರ ಬಗೆ, ಈ ಮೂರು ವಿವರಗಳೂ ಸೇರಿಕೊಳ್ಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೆಲವು ಆ್ಯಪ್‌ಗಳು ಕಂತನ್ನು ಕಾಣುವುದಿಲ್ಲ. ಭಾಷೆಯ ಸ್ಥಾನದಲ್ಲಿ ಕನ್ನಡದ ಸಂಕೇತವನ್ನು ನಮೂದಿಸಲು ಮರೆಯಬಾರದು. ಹಾಗೆಯೇ ಬಿಟ್ಟರೆ ಅಲ್ಲಿ ಇಂಗ್ಲಿಷ್ ಇರುವ ಸಂಭವವೇ ಹೆಚ್ಚು. ಪಾಡ್‌ಕಾಸ್ಟಿಗೆ ಚೌಕಾಕಾರದ ಒಂದು ಚಿತ್ರ ಬೇಕು. ಆಪಲ್ ಕೇಳುವ ಅಳತೆ ಪ್ರತಿ ಬದಿಗೆ 1400ರಿಂದ 3000 ಪಿಕ್ಸೆಲ್. ಮಗುವಿನ ಫೋಟೋ ಬದಲು ಮಗು ಬಿಡಿಸಿದ ಸುರಂಗದ ಚಿತ್ರ ಅಲ್ಲಿಗೆ ಒಪ್ಪುತ್ತದೆ.

ಧ್ವನಿಯ ಕೆಳಗೆ ಇಡೀ ಮಾತುಕತೆಯನ್ನು ಬರಹದಲ್ಲಿಯೂ ಕೊಡುವುದು ಶ್ರಮದ ಕೆಲಸ, ಆದರೆ ಬಿಡಬಾರದ ಕೆಲಸ. ಕಿವಿ ಕೇಳದವರಿಗೆ ಅದೇ ಕಂತು. ಹುಡುಕುವ ಯಂತ್ರಗಳಿಗೂ ಬರಹವಿದ್ದರೆ ದಾರಿ ಸುಗಮ. 'ದಂಬೆ' ಎಂದು ಹುಡುಕಿದವರು ಈ ಪುಟಕ್ಕೆ ಬರುವುದು ಆ ಬರಹದಿಂದ. ಕೇಳಿ ಬರೆಯುವ ಕೆಲಸವನ್ನು ನಾಲ್ವರು ಮಕ್ಕಳು ಹಂಚಿಕೊಂಡರೆ ಅದಕ್ಕಿಂತ ಒಳ್ಳೆಯ ಉಕ್ತಲೇಖನ ಇನ್ನೊಂದಿಲ್ಲ. ಅಜ್ಜ ಹೇಳಿದ ಮಾತಿಗೆ ಯಾವ ಅಕ್ಷರ ಹೊಂದುತ್ತದೆ ಎಂಬ ಚರ್ಚೆಯೇ ಒಂದು ವ್ಯಾಕರಣ ಪಾಠ.

ಪ್ರಕಟಿಸಿದೊಡನೆ ಸಂಭ್ರಮಿಸುವ ಬದಲು ಪರೀಕ್ಷಿಸುವುದು ಲೇಸು. ಶಾಲೆಗೆ ಸಂಬಂಧಪಡದ ಬೇರೆ ಫೋನಿನಲ್ಲಿ, ವೈಫೈ ಇಲ್ಲದೆ, ಪುಟವನ್ನು ತೆರೆದು ಕೇಳಬೇಕು. ಐದನೆಯ ನಿಮಿಷಕ್ಕೆ ನೇರ ಜಿಗಿದಾಗ ಅಲ್ಲಿಂದಲೇ ಕೇಳಿಸುತ್ತದೆಯೇ ನೋಡಬೇಕು. ಫೀಡ್ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಅದರ ವಿಳಾಸವನ್ನು ಪಾಡ್‌ಕಾಸ್ಟ್ ಆ್ಯಪ್‌ಗಳ ಸೂಚಿಗಳಿಗೆ ಒಮ್ಮೆ ಸಲ್ಲಿಸಿದರೆ ಸಾಕು. ಮುಂದಿನ ಕಂತುಗಳನ್ನು ಅವು ತಾವಾಗಿಯೇ ಕಂಡುಕೊಳ್ಳುತ್ತವೆ. ತಪ್ಪು ಕಂಡು ಕಡತವನ್ನು ಬದಲಿಸಬೇಕಾದರೆ ಹೊಸ ಕಡತಕ್ಕೆ ಹೊಸ ಹೆಸರು ಕೊಡುವುದು ಕ್ಷೇಮ. ಇನ್ನೊಂದು ಪ್ರತಿಯನ್ನು ಲಾಭೋದ್ದೇಶವಿಲ್ಲದ 'ಇಂಟರ್ನೆಟ್ ಆರ್ಕೈವ್'ಗೆ ಏರಿಸಿಟ್ಟರೆ, ಶುಲ್ಕ ಕಟ್ಟಲು ಮರೆತ ವರ್ಷದಲ್ಲಿಯೂ ಅಜ್ಜನ ದನಿ ಉಳಿಯುತ್ತದೆ.

ಎರಡನೆಯ ಕಂತು

ಮೊದಲ ಕಂತಿಗೆ ಕೇಳುಗರು ನಲವತ್ತೇ ಮಂದಿ ಎಂದು ತಿಳಿದಾಗ ಉತ್ಸಾಹ ಕುಗ್ಗುವುದುಂಟು. ನಲವತ್ತು ಮಂದಿ ಎಂದರೆ ಒಂದು ತರಗತಿ ಕೋಣೆ ತುಂಬುವಷ್ಟು ಜನ. ಅಷ್ಟು ಮಂದಿ ಹತ್ತು ನಿಮಿಷ ಮೌನವಾಗಿ ಕುಳಿತು ಏಳನೆಯ ತರಗತಿಯ ಮಗುವೊಂದರ ಮಾತನ್ನು ಕೇಳುವ ಸಂದರ್ಭ ಬೇರೆ ಯಾವುದಿದೆ? ಸಂಖ್ಯೆಗಿಂತ ನಿಯಮ ಮುಖ್ಯ. ವಾರಕ್ಕೊಂದು ಎಂದು ಘೋಷಿಸಿ ಮೂರನೆಯ ವಾರ ನಿಂತುಹೋಗುವುದಕ್ಕಿಂತ, ತಿಂಗಳಿಗೊಂದರಂತೆ ಒಂದು ಶೈಕ್ಷಣಿಕ ವರ್ಷದಲ್ಲಿ ಹತ್ತು ಕಂತು ಮಾಡುವುದು ಶಾಲೆಯ ಶಕ್ತಿಗೆ ಹೊಂದುತ್ತದೆ. ವಿದ್ಯಾರಂಗ ಕಲಾಸಾಹಿತ್ಯ ವೇದಿಕೆಯ ಮಕ್ಕಳು ವಿಷಯ ಆರಿಸಬಹುದು, ಲಿಟಲ್ ಕೈಟ್ಸ್ ಮಕ್ಕಳು ಮುದ್ರಿಸಬಹುದು, ರಕ್ಷಕ ಶಿಕ್ಷಕ ಸಂಘ ಜಾಲತಾಣದ ವಾರ್ಷಿಕ ಶುಲ್ಕದ ಹೊಣೆ ಹೊರಬಹುದು. ಅಡಕೆ ಸುಲಿಯುವ ಅಜ್ಜಿ, ಬೀಡಿ ಕಟ್ಟುವ ಅಮ್ಮ, ಬಣ್ಣ ಹಚ್ಚುವ ವೇಷಧಾರಿ, ದೋಣಿಯಲ್ಲಿ ಹೋಗುವ ಮೊಗೇರ, ಹೀಗೆ ಹತ್ತು ಕಂತಿಗೆ ಹತ್ತು ಮನೆಗಳು ಶಾಲೆಯ ಸುತ್ತಲೇ ಇವೆ.

ಹತ್ತು ಕಂತು ಮುಗಿದಾಗ ಒಂದು ಬೇಸಗೆ ರಜೆ ಬರುತ್ತದೆ. ಆ ರಜೆಯಲ್ಲಿ ಕೆಲವು ಫೋನುಗಳು ಕೆಡುತ್ತವೆ, ಹಲವು ಸಂದೇಶಗಳು ಅಳಿಯುತ್ತವೆ, ಒಬ್ಬ ಅಧ್ಯಾಪಕರಿಗೆ ವರ್ಗಾವಣೆಯಾಗುತ್ತದೆ. ಜೂನ್ ತಿಂಗಳ ಮೊದಲ ಮಳೆಗೆ ಕೊಡೆ ಹಿಡಿದು ಬಂದ ಹೊಸ ಮಗುವೊಂದು, ಕಳೆದ ವರ್ಷ ಅಜ್ಜ ಹೇಳಿದ ಸುರಂಗದ ಕತೆ ಎಲ್ಲಿದೆ ಎಂದು ಕೇಳಬಹುದು. ಆಗ ಕರಿಹಲಗೆಯ ಮೇಲೆ ಬರೆದು ತೋರಿಸಲು ಒಂದು ವಿಳಾಸವಿರುತ್ತದೆ.